ಕೆಳಮನೆಯ ಇಂಡಿಯಾನ್

ದ ಹೇಗ್‌ನ ಆ ಬೀದಿಯಲ್ಲಿ ಹಗಲು ಹೊತ್ತಿನಲ್ಲೂ ಪರದೆ ಎಳೆದುಕೊಂಡಿರುತ್ತಿದ್ದ ಮನೆ ನಮ್ಮದೊಂದೇ. ಉಳಿದವರ ದೊಡ್ಡ ಕಿಟಕಿಗಳಲ್ಲಿ ಹೂಕುಂಡ, ಪಿಂಗಾಣಿಯ ನಾಯಿ, ಅದರಾಚೆ ಸೋಫಾದ ಮೇಲೆ ಕಾಲು ಚಾಚಿ ಪೇಪರು ಓದುವ ಯಜಮಾನ, ಎಲ್ಲವೂ ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತಿತ್ತು. ಅಬ್ಬಾ ಸಂಜೆ ಟ್ರಾಮಿನಿಂದಿಳಿದು ಆ ಕಿಟಕಿಗಳತ್ತ ನೋಡದೆ ತಲೆ ತಗ್ಗಿಸಿಕೊಂಡು ಬರುತ್ತಿದ್ದರು. ಅವರು ಅಂತರರಾಷ್ಟ್ರೀಯ ಕಚೇರಿಯೊಂದರಲ್ಲಿ ಕಡತಗಳ ಗುಮಾಸ್ತರು. ಹುಬ್ಬಳ್ಳಿಯಿಂದ ಬಂದು ಆರು ವರ್ಷವಾಗಿದ್ದರೂ ಈ ಊರು ತಮ್ಮ ಮೇಲೆ ಕಣ್ಣಿಟ್ಟಿದೆ ಎಂಬ ಗುಮಾನಿ ಅವರನ್ನು ಬಿಟ್ಟಿರಲಿಲ್ಲ. ನಮ್ಮವರು ಬಂದರೆ ಬೆಲ್ಲನ್ನು ಎರಡು ಸಲ ಚುಟುಕಾಗಿ ಒತ್ತಬೇಕು. ಯಾರಾದರೂ ಒಂದೇ ಸಲ ಉದ್ದಕ್ಕೆ ಒತ್ತಿದರೆ ಅಬ್ಬಾ ತುಟಿಯ ಮೇಲೆ ಬೆರಳಿಡುತ್ತಿದ್ದರು, ಅಮ್ಮಿ ಒಲೆಯ ಉರಿ ತಗ್ಗಿಸುತ್ತಿದ್ದರು, ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ನಗರಸಭೆಯ ಕಾಗದ ಬಂದರೆ, ಅದು ಕಸದ ಚೀಲ ಹೊರಗಿಡುವ ದಿನ ಬದಲಾಗಿದೆ ಎಂಬುದೇ ಆಗಿರಲಿ, ಅಬ್ಬಾ ಮೂರು ಸಲ ಓದಿ, ಬೆಳಕಿಗೆ ಹಿಡಿದು ನೋಡಿ, ತಗಡಿನ ಟ್ರಂಕಿನಲ್ಲಿ ಇಟ್ಟು ಬೀಗ ಹಾಕುತ್ತಿದ್ದರು.

"ಕಿಟಕಿ ತಗದಿಟ್ಟವರು ಏನ್ ಹೇಳತಾರ ಗೊತ್ತೇನ ರಜ್ಜು? ನಮ್ಮಲ್ಲಿ ಮುಚ್ಚಿಡೂದು ಏನೂ ಇಲ್ಲ ಅಂತ. ಅದನ್ನ ಅವರು ಹೇಳಬಹುದು. ನಾವು ಹೇಳಿದ್ರ ಯಾರೂ ನಂಬೂದಿಲ್ಲ," ಎಂದು ಅಬ್ಬಾ ನನಗೆ ಹೇಳುತ್ತಿದ್ದರು.

ಮನೆ ಮೊದಲ ಮಹಡಿಯಲ್ಲಿತ್ತು. ಏಣಿಯಷ್ಟೇ ಕಡಿದಾದ ಮೆಟ್ಟಿಲು ಹತ್ತಿ ಬಂದರೆ ನಡುವೆ ಜಾರುಬಾಗಿಲಿದ್ದ ಎರಡು ಕೋಣೆ, ಹಿಂದೆ ಒಬ್ಬರೇ ನಿಲ್ಲಬಹುದಾದ ಅಡುಗೆಮನೆ, ಅದಕ್ಕೊಂದು ಬಾಲ್ಕನಿ, ಪಕ್ಕದಲ್ಲಿ ನನ್ನ ಸಣ್ಣ ಕೋಣೆ. ಅಮ್ಮಿ ಗದಗಿನ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವರು. ಅಬ್ಬಾ ಸಿಟ್ಟು ಬಂದಾಗ ದಖ್ಖನಿ ಮಾತಾಡಿದರೂ ಮನೆಯ ಮಾತು ಕನ್ನಡವೇ ಆಗಿರಬೇಕೆಂದು ಅಮ್ಮಿ ಹಟ ಹಿಡಿದಿದ್ದರು. ಅಡುಗೆಮನೆಯ ಕಟ್ಟೆಯ ಮೇಲೆ ಗೋಧಿಹಿಟ್ಟು ಚೆಲ್ಲಿ ಅದರಲ್ಲಿ ಬೆರಳಿನಿಂದ ನನಗೆ ಅಕ್ಷರ ತೀಡಿಸಿ, ಅದೇ ಹಿಟ್ಟನ್ನು ಬಳಿದುಕೊಂಡು ಚಪಾತಿಗೆ ನಾದುತ್ತಿದ್ದರು. ಜೋಳದ ಹಿಟ್ಟು ಸಿಗುತ್ತಿರಲಿಲ್ಲ. ಮೂಲೆಯ ಸುರಿನಾಮಿ ಅಂಗಡಿಯಾತ ತರಿಸಿಕೊಡುತ್ತೇನೆಂದು ಹೇಳಿ, ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದನಂತೆ. ಅದನ್ನು ಕೇಳಿದ ಅಬ್ಬಾ ಆ ಅಂಗಡಿಗೆ ಹೋಗುವುದನ್ನೇ ಬಿಡಿಸಿದರು.

ಅಷ್ಟು ಹೊತ್ತಿಗೆ ನಾವು ಜನ ಎಷ್ಟು ಎಂಬುದು ನಿಜವಾಗಿಯೂ ಕೇಳಬಾರದ ಪ್ರಶ್ನೆಯಾಗಿತ್ತು. ಅಮ್ಮಿಯ ತಮ್ಮ ಇಕ್ಬಾಲ್ ಮಾಮೂ ಮೂರು ತಿಂಗಳ ವೀಸಾದಲ್ಲಿ ನೋಡಿಕೊಂಡು ಹೋಗಲು ಬಂದವರು ಒಂಬತ್ತು ತಿಂಗಳಾದರೂ ನಮ್ಮಲ್ಲೇ ಇದ್ದರು. ನನ್ನ ಕೋಣೆಗೆ ಅಡ್ಡಲಾಗಿ ಅಮ್ಮಿಯ ಹಳೆಯ ಸೀರೆ ಕಟ್ಟಿ ಆಚೆ ಬದಿ ಅವರ ಹಾಸಿಗೆ. ಬೆಳಿಗ್ಗೆ ಸೈಕಲ್ ಹತ್ತಿ ಊರಾಚೆಯ ಗಾಜಿನ ಮನೆಗಳಿಗೆ ಟೊಮೆಟೊ ಬಿಡಿಸಲು ಹೋಗುತ್ತಿದ್ದರು, ಸಂಜೆ ಬೆರಳ ತುದಿ ಹಸಿರು ಮಾಡಿಕೊಂಡು ಬರುತ್ತಿದ್ದರು. ಸೀರೆಯ ಆಚೆಯಿಂದ ಕೋಳಿ, ರೈಲು, ಹುಬ್ಬಳ್ಳಿ ಬಸ್ ನಿಲ್ದಾಣದ ಶೇಂಗಾ ಮಾರುವವನು, ಹೀಗೆ ಎಲ್ಲರ ದನಿ ತೆಗೆದು ನನ್ನನ್ನು ನಗಿಸುತ್ತಿದ್ದರು. ಅವರು ಬಂದ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿಸತೊಡಗಿತ್ತು. ಅಬ್ಬಾ ಆಗ ರೇಡಿಯೋದ ದನಿ ಏರಿಸುತ್ತಿದ್ದರು.

ಶಾಲೆಯಲ್ಲಿ ನನ್ನ ತೊಂದರೆ ಬೇರೆ ಇತ್ತು. ಡಚ್ಚಿನಲ್ಲಿ ಭಾರತದವರು 'ಇಂಡಿಯರ್'. ತಲೆಗೆ ಗರಿ ಕಟ್ಟಿಕೊಂಡು ಕುದುರೆಯ ಮೇಲೆ ಬರುವ ಅಮೆರಿಕದ ಮೂಲನಿವಾಸಿ 'ಇಂಡಿಯಾನ್'. ಒಂಬತ್ತು ವರ್ಷದ ಮಕ್ಕಳಿಗೆ ಆ ವ್ಯತ್ಯಾಸ ಬೇಕಾಗಿರಲಿಲ್ಲ. ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಹಳೆಯ ಗಡಿನಾಡಿನ ಸಾಹಸ ಚಿತ್ರ ಬರುತ್ತಿತ್ತು: ಬಂಡಿಗಳ ಸಾಲು, ಕಣಿವೆ, ಬಂದೂಕು, ಗುಡ್ಡದ ಮೇಲಿಂದ ಕಿರುಚುತ್ತ ಇಳಿಯುವ ಕಂದು ಬಣ್ಣದವರು. ಸೋಮವಾರ ಶಾಲೆಯ ಸೈಕಲ್ ಶೆಡ್ಡಿನ ಹತ್ತಿರ ಅದೇ ಆಟ. ಬಂಡಿಯವರಾಗಲು ಎಲ್ಲರೂ ಮುಂದೆ ಬರುತ್ತಿದ್ದರು. ಕಿರುಚುತ್ತ ಬಂದು ಸಾಯಬೇಕಾದವಳು ನಾನೊಬ್ಬಳೇ.

"ನಾನು ಇಂಡಿಯಾನ್ ಅಲ್ಲ, ಇಂಡಿಯರ್," ಎಂದರೆ ಅವರು, "ಹಾಗಾದರೆ ಇನ್ನೂ ಸುಲಭ, ನಿನಗೆ ಬಣ್ಣ ಬಳಿಯುವುದೂ ಬೇಡ," ಎನ್ನುತ್ತಿದ್ದರು.

ಕೆಳಮನೆಯ ಮುದುಕ ನನ್ನನ್ನು ಮೊದಲು ಮಾತಾಡಿಸಿದ್ದು ಇದರಿಂದಲೇ. ಒಂದು ಸೋಮವಾರ ಮಂಡಿ ತರಚಿಕೊಂಡು ಮೆಟ್ಟಿಲ ಬುಡದಲ್ಲಿ ಕೂತಿದ್ದೆ. ಅವರು ಬಾಗಿಲು ತೆರೆದು ನೋಡಿ ಏನಾಯಿತೆಂದು ಕೇಳಿದರು. ನಾನು ಸತ್ತು ಬಿದ್ದಾಗ ಹೀಗಾಯಿತು ಎಂದೆ. ಅವರು ನಗಲಿಲ್ಲ. "ಬಿದ್ದ ರೀತಿ ತಪ್ಪು," ಎಂದರು. "ನಾನು ಅಮೆರಿಕದಲ್ಲಿ ಆರು ವರ್ಷ ಸತ್ತು ಬಿದ್ದಿದ್ದೇನೆ, ಒಮ್ಮೆಯೂ ಮಂಡಿ ತರಚಿಲ್ಲ." ಅವರ ಹೆಸರು ರೂಡಿ. ಚಿಕ್ಕಪ್ಪ, ಮಾವ ಎನ್ನುವುದಕ್ಕೆ ಡಚ್ಚಿನಲ್ಲಿ ಓಮ್ ಎನ್ನುತ್ತಾರೆ. ನಾನು ಓಮ್ ರೂಡಿ ಎಂದು ಕರೆಯತೊಡಗಿದೆ. ಹುಟ್ಟಿದ್ದು ಜಾವಾದಲ್ಲಿ, ತಾಯಿ ಅಲ್ಲಿನವಳು, ತಂದೆ ಡಚ್ಚಿನವನು. ಅಂಥವರಿಗೆ ಇಲ್ಲಿ 'ಇಂಡೋ' ಎಂಬ ಇನ್ನೊಂದು ಹೆಸರು. ಜಾವಾದ ಮೇಲೆ ಡಚ್ಚರ ಅಧಿಕಾರ ಮುಗಿದ ಮೇಲೆ ಹಡಗಿನಲ್ಲಿ ಈ ದೇಶಕ್ಕೆ ಬಂದು, ಚಳಿ ತಾಳಲಾರದೆ ಕ್ಯಾಲಿಫೋರ್ನಿಯಾಗೆ ಹೋಗಿ, ಅಲ್ಲಿ ಸಿನಿಮಾದವರ ಗುಂಪಿನಲ್ಲಿ ಇಂಡಿಯಾನ್ ಆಗಿ, ಹೆಂಡತಿ ತೀರಿಹೋದ ಮೇಲೆ ಮರಳಿ ಬಂದಿದ್ದರು. ನಾನು ಇದನ್ನೆಲ್ಲ ನಂಬಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಹೇಳಿದ್ದನ್ನು ಮೊದಲ ಸಲಕ್ಕೆ ನಂಬುವ ಪದ್ಧತಿ ಇರಲಿಲ್ಲ.

ಅವರ ಹತ್ತಿರ ವಿಡಿಯೋ ಯಂತ್ರವಿತ್ತು. ಟಿವಿಯಲ್ಲಿ ಬಂದಾಗ ಮುದ್ರಿಸಿಕೊಂಡ ಒಂದು ಚಿತ್ರ ಹಾಕಿ, ಗುಡ್ಡದಿಂದ ಇಳಿಯುವ ಕುದುರೆಗಳ ನಡುವೆ ಚಿತ್ರವನ್ನು ತಡೆದು ನಿಲ್ಲಿಸಿದರು. ತೆರೆಯ ಮೇಲೆ ಬಿಳಿ ಗೆರೆಗಳು ನಡುಗುತ್ತಿದ್ದವು. ಅವರು ಬೆರಳಿಟ್ಟು ತೋರಿಸಿದ ಕಡೆ ಮುಖವೇ ಕಾಣಲಿಲ್ಲ.

"ಇದು ನಾನು."

"ಯಾರು ಬೇಕಾದರೂ ಆಗಿರಬಹುದು," ಎಂದೆ.

"ಹೌದು. ಅದಕ್ಕೇ ನಮ್ಮನ್ನು ತೆಗೆದುಕೊಂಡಿದ್ದು."

ಬುಡಕಟ್ಟಿನ ನಾಯಕನ ಕಣ್ಣು ನೀಲಿಯಾಗಿದ್ದುದನ್ನು ನಾನೇ ಕಂಡುಹಿಡಿದೆ. ಅವನು ಬಿಳಿಯ ನಟ, ಮುಖಕ್ಕೆ ಕಂದು ಬಣ್ಣ ಹಚ್ಚಿದ್ದರು ಎಂದು ಓಮ್ ರೂಡಿ ಹೇಳಿದರು. ಸಾಲಾಗಿ ನಿಲ್ಲಿಸಿ ಅವರಿಗೂ ಅದೇ ಡಬ್ಬಿಯ ಬಣ್ಣ ಹಚ್ಚಿದರಂತೆ, ಏಕೆಂದರೆ ಅವರ ಸ್ವಂತ ಕಂದು ನಾಯಕನ ಕಂದಿಗೆ ಹೊಂದುತ್ತಿರಲಿಲ್ಲ. ಗುಂಪಿನಲ್ಲಿ ಮೆಕ್ಸಿಕೋದವರು, ಫಿಲಿಪೀನ್ಸಿನವರು, ಇವರಂಥ ಇಬ್ಬರು ಇಂಡೋಗಳು. ನಿಜವಾಗಿ ಆ ನೆಲದವರು ಮೂವರೇ, ಅವರನ್ನು ಹಿಂದಿನ ಸಾಲಿಗೆ ಹಾಕಿದ್ದರು. ಬಂಡಿಯವರು ಮಾತಾಡಿದರೆ ತೆರೆಯ ಕೆಳಗೆ ಡಚ್ ಅಕ್ಷರ ಬರುತ್ತಿತ್ತು. ಗುಡ್ಡದವರು ಕೂಗಿದರೆ ಏನೂ ಬರುತ್ತಿರಲಿಲ್ಲ. ಅದೇಕೆ ಎಂದು ಕೇಳಿದೆ.

"ಏನು ಕೂಗಬೇಕೆಂದು ನಮಗೆ ಯಾರೂ ಹೇಳಿಕೊಡಲಿಲ್ಲ. ಬಾಯಿಗೆ ಬಂದದ್ದು ಕೂಗಿ ಎಂದರು. ಮಧ್ಯಾಹ್ನವಾಗಿತ್ತು, ಹಸಿದಿದ್ದೆ. ನಾನು ಅಮ್ಮನ ಅಡುಗೆಗಳ ಹೆಸರು ಕೂಗಿದೆ."

ನಾನು ಕಿವಿಗೊಟ್ಟು ಮೂರು ಸಲ ಕೇಳಿದೆ. ಕುದುರೆಗಳ ಸದ್ದಿನಲ್ಲಿ ಏನೂ ತಿಳಿಯಲಿಲ್ಲ. ಮುದುಕ ಸುಳ್ಳು ಹೇಳುತ್ತಿದ್ದಾನೆ ಎಂದೇ ಅಂದುಕೊಂಡೆ. ಆದರೂ ಮರುದಿನವೂ ಹೋದೆ.

ತರಚಿಕೊಳ್ಳದೆ ಸಾಯುವುದನ್ನು ಅವರು ಜಮಖಾನದ ಮೇಲೆ ಕಲಿಸಿದರು. ಮೊದಲು ಭುಜ, ಆಮೇಲೆ ಸೊಂಟ, ಕಡೆಗೆ ತಲೆ. ಬಿದ್ದ ಮೇಲೆ ಕಣ್ಣು ಮುಚ್ಚಬಾರದು, ಹುಲ್ಲು ನೋಡುತ್ತಿರಬೇಕು. ಹೀಗೆ ನಾನು ಒಂದು ಸಂಜೆ ಬಿದ್ದುಕೊಂಡು ಜಮಖಾನದ ಹೂಗಳನ್ನು ನೋಡುತ್ತಿರುವಾಗ, ಕೆಲಸದಿಂದ ಬಂದ ಅಬ್ಬಾ ಅರೆತೆರೆದ ಬಾಗಿಲಲ್ಲಿ ನನ್ನನ್ನು ಕಂಡರು. ಮುದುಕ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದರು. ಅಬ್ಬಾ ನನ್ನ ತೋಳು ಹಿಡಿದು ಎಬ್ಬಿಸಿ ಮೇಲೆ ಎಳೆದುಕೊಂಡು ಬಂದರು. ಅಂದು ಊಟಕ್ಕೆ ಕೂತಾಗ ಜಗಳ ಶುರುವಾಯಿತು.

"ಅಂವ ಯಾರು, ಎಲ್ಲಿಯಂವ, ಯಾಕ ಒಬ್ಬನ ಇರತಾನ? ನಮ್ಮ ಹುಡುಗೀನ ಯಾಕ ಒಳಗ ಕರದ?"

"ಪಾಪ, ಮುದುಕ್ರದಾರ. ಬೀಳೂದು ಕಲಿಸ್ಯಾರಂತ," ಎಂದರು ಅಮ್ಮಿ.

"ಬೀಳೂದು ಕಲೀಬೇಕೇನು? ನಮ್ಮಂಥವರು ಬೀಳೂದನ್ನ ನೋಡಾಕ ಈ ಮಂದಿ ಟಿಕೆಟ್ ತಗೊಂತಾರ. ಹುಬ್ಬಳ್ಳಿ ಟಾಕೀಸಿನ್ಯಾಗ ನಾನೂ ನೋಡೀನಿ ಇಂಥಾ ಪಿಕ್ಚರ್. ಗುಡ್ಡದಾಗ ಮುಂಡಾಸು ಸುತಗೊಂಡವರು, ನಮ್ಮವರು, ಅಲ್ಲಾಹು ಅಕಬರ್ ಅಂತ ಚೀರಕೋತ ಬರತಾರ, ಗೋರೆ ಸಿಪಾಯಿ ಒಬ್ಬೊಬ್ಬರನ್ನ ಹೊಡದು ಉರುಳಿಸತಾನ. ಇಡೀ ಟಾಕೀಸು ಸೀಟಿ ಹೊಡೀತು. ನಾನೂ ಹೊಡದೆ."

ಅಬ್ಬಾ ತುತ್ತನ್ನು ತಟ್ಟೆಗೇ ಬಿಟ್ಟು ಎದ್ದರು. "ಹೊರಗ ಬಂದ ಮ್ಯಾಲ ತಿಳೀತು, ಯಾರು ಬಿದ್ದದ್ದಕ್ಕ ಸೀಟಿ ಹೊಡದೆ ಅಂತ," ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು. ಮಾಮೂ ಯಾರ ದನಿಯನ್ನೂ ತೆಗೆಯಲಿಲ್ಲ. ಕೆಳಮನೆಗೆ ಹೋಗುವುದು ಅಲ್ಲಿಗೆ ನಿಂತಿತು.

ಅದೇ ವಾರವೋ ಮುಂದಿನ ವಾರವೋ ಶಾಲೆಯಲ್ಲಿ ಟೀಚರು 'ನನ್ನ ಮನೆ' ಎಂದು ಚಿತ್ರ ಬರೆಯಲು ಹೇಳಿದರು. ನಾನು ಗೋಡೆಯನ್ನೇ ಬಿಡಿಸದೆ ಎಲ್ಲ ಕೋಣೆಗಳೂ ಕಾಣುವಂತೆ ಬರೆದೆ. ಒಲೆಯ ಹತ್ತಿರ ಅಮ್ಮಿ, ಟ್ರಂಕಿನ ಹತ್ತಿರ ಅಬ್ಬಾ, ಸೀರೆಯ ಈಚೆ ನಾನು, ಆಚೆ ಹಸಿರು ಬೆರಳಿನ ಮಾಮೂ. ಟೀಚರಿಗೆ ತುಂಬ ಇಷ್ಟವಾಯಿತು. ಇವರು ಯಾರು, ಎಷ್ಟು ದಿನದಿಂದ ಇದ್ದಾರೆ, ಬೆರಳು ಹಸಿರೇಕೆ ಎಂದು ಕೇಳಿದರು. ನನ್ನ ಬಗ್ಗೆ ಯಾರೂ ಅಷ್ಟು ಆಸೆಯಿಂದ ಕೇಳಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಗಾಜಿನ ಮನೆಯ ಟೊಮೆಟೊವನ್ನೂ ಸೇರಿಸಿ. ಚಿತ್ರವನ್ನು ತರಗತಿಯ ಹೊರಗೋಡೆಗೆ ಅಂಟಿಸಿದರು. ಮಕ್ಕಳನ್ನು ಕರೆದೊಯ್ಯಲು ಬರುವ ತಂದೆತಾಯಿಗಳೆಲ್ಲ ಅದರ ಮುಂದೆ ನಿಂತು ಹೋಗುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ಬೆಲ್ ಒಂದೇ ಸಲ ಉದ್ದಕ್ಕೆ ಆಯಿತು. ಅಬ್ಬಾ ಪರದೆಯ ಸಂದಿನಿಂದ ನೋಡಿದರು. ಇಬ್ಬರು ಪೊಲೀಸಿನವರು. ಮಾಮೂ ಕೆಲಸಕ್ಕೆ ಹೋಗಿದ್ದರು. ನಾವು ಬಾಗಿಲು ತೆರೆಯಲಿಲ್ಲ. ಆಮೇಲೆ ಕೆಳಮನೆಯ ಬೆಲ್ ಆಯಿತು. ಅಬ್ಬಾ ಮೆಟ್ಟಿಲ ತುದಿಯಲ್ಲಿ ಬಗ್ಗಿ ನಿಂತರು. ಮುದುಕರ ದನಿ, ಪೊಲೀಸರ ದನಿ, ಮತ್ತೆ ಮುದುಕರ ದನಿ. ಮಾತು ತಿಳಿಯಲಿಲ್ಲ. ಅವರು ಕೈಯೆತ್ತಿ ಮೇಲೆ ತೋರಿಸಿದ್ದು ಮಾತ್ರ ಅಬ್ಬಾ ಕಂಡರು. ಮಂಗಳವಾರ ಬೆಳಿಗ್ಗೆ ಆರೂವರೆಗೆ ಪೊಲೀಸರು ಮತ್ತೆ ಬಂದರು. ಮಾಮೂ ಸೈಕಲ್ಲಿನ ಬೀಗ ತೆಗೆಯುತ್ತಿದ್ದರು. ಒಂದು ವಾರದೊಳಗೆ ದೇಶ ಬಿಡಬೇಕೆಂಬ ಕಾಗದ ಕೈಗೆ ಬಂತು. ಅಮ್ಮಿ ಆ ವಾರವಿಡೀ ತಮ್ಮನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸಿದರು, ಮಾಮೂ ಏನೂ ತಿನ್ನಲಾರದೆ ಎಲ್ಲವನ್ನೂ ಹೊಗಳಿದರು. ಅವರನ್ನು ವಿಮಾನ ಹತ್ತಿಸಿ ಬಂದ ಸಂಜೆ ಅಬ್ಬಾ ಕೋಟನ್ನೂ ತೆಗೆಯದೆ ಕೆಳಮನೆಯ ಬಾಗಿಲು ಬಡಿದರು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿದೆ. ಅಬ್ಬಾನ ಡಚ್ ಕಚೇರಿಯ ಡಚ್, ಬೈಗುಳ ಅದರಲ್ಲಿರಲಿಲ್ಲ; ಆ ಸಿಟ್ಟಿನಲ್ಲೂ 'ಮೆನೇರ್', ಅಂದರೆ ಸ್ವಾಮಿ, ಎಂದೇ ಕರೆದರು.

"ನೀವು ನಮ್ಮನ್ನು ಮಾರಿದಿರಿ, ಮೆನೇರ್. ಸಿನಿಮಾದಲ್ಲಿ ಬಣ್ಣ ಹಚ್ಚಿಕೊಂಡು ಕಂದು ಮನುಷ್ಯನಾದಿರಿ. ಇಲ್ಲಿ ಬಣ್ಣವಿಲ್ಲದೆಯೇ ಬಿಳಿಯನಾಗಿದ್ದೀರಿ."

ಓಮ್ ರೂಡಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. "ಮೇಲೆ ಮೂರೇ ಜನ ಎಂದು ಹೇಳಿದೆ," ಎಂದರು. ಅಬ್ಬಾ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡಿದ್ದರೂ ನಂಬುತ್ತಿರಲಿಲ್ಲ. ನಾನು ಕೇಳಿಸಿಕೊಂಡೆ, ಮತ್ತು ನಂಬಿದೆ.

ಹಾಗಾದರೆ ಪೊಲೀಸರಿಗೆ ಹೇಳಿದವರು ಯಾರು? ಟೀಚರಿರಬಹುದು. ಗೋಡೆಯ ಮುಂದೆ ನಿಂತ ಯಾವುದೋ ತಾಯಿ ಇರಬಹುದು. ಅಂಗಡಿಯಾತ ಇರಬಹುದು. ಮಾಮೂ ಒಮ್ಮೆ ದೀಪವಿಲ್ಲದ ಸೈಕಲ್ಲಿನಲ್ಲಿ ಸಿಕ್ಕಿಬಿದ್ದಿದ್ದರು, ಅದೂ ಇರಬಹುದು. ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಒಂಬತ್ತು ವರ್ಷದ ನನಗೆ ಗೊತ್ತೇ ಇತ್ತು, ಅದು ನಾನೇ ಎಂದು. ಎರಡು ವಾರ ತಡೆದುಕೊಂಡು, ಅಡುಗೆಮನೆಯಲ್ಲಿ ಅಮ್ಮಿಯ ಬೆನ್ನಿಗೆ ಮುಖ ಒತ್ತಿ ಚಿತ್ರದ ಸಂಗತಿ ಹೇಳಿಬಿಟ್ಟೆ. ಅಮ್ಮಿ ತಿರುಗಲಿಲ್ಲ. ಮೊರದಲ್ಲಿನ ಅಕ್ಕಿಯನ್ನು ಪಕ್ಕಕ್ಕಿಟ್ಟು ಹೇಳಿದರು.

"ನಿಮ್ಮ ಅಬ್ಬಾಗ ಹೇಳಬ್ಯಾಡ. ಮಗಳ ಮ್ಯಾಲೂ ಸಂಶಯ ಬಂದ್ರ ಅವರಿಗೆ ಬದುಕಾಕ ಜಾಗಾನ ಉಳಿಯೂದಿಲ್ಲ. ಆದ್ರ ಆ ಮುದುಕರಿಗೆ ಹೇಳಬೇಕು. ನಡಿ."

ಒಂದು ಡಬ್ಬಿಯಲ್ಲಿ ಬಿಸಿ ಅನ್ನ, ಖಾರಬ್ಯಾಳಿ ಹಾಕಿಕೊಂಡು ಕೆಳಗಿಳಿದೆವು. ಅಮ್ಮಿಗೆ ಡಚ್ ಬರುತ್ತಿರಲಿಲ್ಲ. ಡಾಕ್ಟರ ಹತ್ತಿರ, ಮಾರುಕಟ್ಟೆಯಲ್ಲಿ, ಎಲ್ಲ ಕಡೆ ಅವರ ಬಾಯಿ ನಾನೇ. ಓಮ್ ರೂಡಿ ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ. ಅಮ್ಮಿ ಎರಡೂ ಕೈ ಜೋಡಿಸಿದರು.

"ತಪ್ಪು ನಮ್ಮ ಹುಡುಗೀದದ. ಸಾಲ್ಯಾಗ ಆಕಿನ ಹೇಳ್ಯಾಳ. ನಿಮ್ಮ ಮ್ಯಾಲ ನಾವು ಅಪವಾದ ಹೊರಿಸೇವಿ. ನಮ್ಮನ್ನ ಮಾಫ್ ಮಾಡ್ರಿ. ಹೇಳು ರಜ್ಜು, ಹಿಂಗ ಹೇಳು."

ನಾನು ಡಚ್ಚಿನಲ್ಲಿ ಹೇಳಿದೆ: "ಅಮ್ಮ ಹೇಳುತ್ತಾರೆ, ಇದು ಸ್ವಲ್ಪ ಖಾರ ಇದೆ, ಬಿಸಿ ಇರುವಾಗಲೇ ತಿನ್ನಿ ಅಂತ."

ಅವರು ಡಬ್ಬಿಯನ್ನು ನೋಡಿದರು. ಆಮೇಲೆ ಅಮ್ಮಿಯ ಮುಖ ನೋಡಿದರು. ಅಮ್ಮಿಯ ಗಲ್ಲದ ಮೇಲೆ ನೀರಿಳಿಯುತ್ತಿತ್ತು.

"ಖಾರ ಇದೆ ಎನ್ನುವುದಕ್ಕೆ ಯಾರೂ ಅಳುವುದಿಲ್ಲ," ಎಂದರು. "ಸರಿಯಾಗಿ ಹೇಳು."

ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ, ನೆಲ ನೋಡುತ್ತ ಹೇಳಿದ್ದು ನೆನಪಿದೆ. ಎಲ್ಲ ಮುಗಿದ ಮೇಲೆ ಅವರು ಬಹಳ ಮೆಲ್ಲಗೆ ಕೇಳಿದರು.

"ಆ ಚಿತ್ರದಲ್ಲಿ ಕೆಳಗಿನ ಮನೆಯನ್ನೂ ಬರೆದಿದ್ದೆಯಾ? ನಾನಿದ್ದೆನೇ?"

"ಇಲ್ಲ," ಎಂದೆ.

ಅವರು ತಲೆಯಾಡಿಸಿ, ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅಮ್ಮಿಗೆ ತಲೆಬಾಗಿಸಿ ಬಾಗಿಲು ಹಾಕಿಕೊಂಡರು. ಮರುದಿನ ತೊಳೆದ ಡಬ್ಬಿ ಮೆಟ್ಟಿಲ ಮೇಲಿತ್ತು. ಎದುರಾದಾಗ ನಮಸ್ಕಾರವಿತ್ತು, ಮಾತಿರಲಿಲ್ಲ. ಮೂರು ವರ್ಷದ ನಂತರ ಅವರು ತೀರಿಹೋದಾಗ ಅಮ್ಮಿ ಮತ್ತು ನಾನು ಅಬ್ಬಾಗೆ ಹೇಳದೆ ಅಂತ್ಯಕ್ರಿಯೆಗೆ ಹೋಗಿದ್ದೆವು. ನಮ್ಮನ್ನು ಬಿಟ್ಟರೆ ನಾಲ್ವರಿದ್ದರು.

ಈಗ ಅಮ್ಮಿ ಇಲ್ಲ. ನಾನು ಬಾಡ್‌ಹೂವೆಡಾರ್ಪ್ ಎಂಬ ಊರಿನಲ್ಲಿದ್ದೇನೆ, ಅಬ್ಬಾ ನನ್ನ ಜೊತೆಗಿದ್ದಾರೆ. ಹೋದ ಚಳಿಗಾಲ ಅವರು ನನ್ನ ಮಗಳು ಸಾರಾಳ ಪಕ್ಕ ಕೂತು ಒಂದು ಹಳೆಯ ಗಡಿನಾಡಿನ ಚಿತ್ರ ನೋಡುತ್ತಿದ್ದರು. ಇಂಥ ಚಿತ್ರಗಳ ಮೊದಲು ಈಗ ಒಂದು ಸೂಚನೆ ಬರುತ್ತದೆ, ಇದರಲ್ಲಿ ಜನರನ್ನು ತೋರಿಸಿರುವ ರೀತಿ ಹಳೆಯ ಕಾಲದ್ದು, ತಪ್ಪಾದದ್ದು ಎಂದು. ಅದನ್ನು ಓದಿದಾಗಲೆಲ್ಲ ನನಗೆ ಗುಮಾನಿ. ಯಾರಿಗೆ ಹೇಳುತ್ತಿದ್ದಾರೆ? ಸಾಲಿನಲ್ಲಿ ನಿಂತು ಬಣ್ಣ ಹಚ್ಚಿಸಿಕೊಂಡವರಂತೂ ಇದನ್ನು ಓದುತ್ತಿಲ್ಲ. ಕುದುರೆಗಳು ಗುಡ್ಡದಿಂದ ಇಳಿಯುವಾಗ ಅಬ್ಬಾ ತೆರೆಯತ್ತ ಬೆರಳು ಮಾಡಿದರು.

"ಇದ್ರಾಗ ಇದ್ರೂ ಇರಬಹುದು ನೋಡವಾ ಸಾರಾ, ನಿಮ್ಮ ಮಾಮೂ ಅಜ್ಜನ್ನ ಪೊಲೀಸರಿಗೆ ಹಿಡಕೊಟ್ಟಂವ."

"ವೀ ದಾನ್?" ಎಂದಳು ಸಾರಾ, ಯಾರದು ಎಂದು.

ಅಮ್ಮಿಗೆ ಕೊಟ್ಟ ಮಾತು ಅದುವರೆಗೆ ಉಳಿಸಿಕೊಂಡಿದ್ದೆ. ಆದರೆ ಈಗ ಆ ಸುಳ್ಳು ನನ್ನ ಮಗಳ ಕಿವಿಗೂ ಬಿದ್ದಿತ್ತು. ಟಿವಿ ಆರಿಸಿ, ಅಬ್ಬಾನ ಎದುರು ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ, "ನಿಮ್ಮ ಅಮ್ಮಿಗೆ ಗೊತ್ತಿತ್ತು?" ಎಂದರು. ಹೌದೆಂದೆ. ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ಐದನೆಯ ದಿನ ಬೆಳಿಗ್ಗೆ ಕೋಟು ಹಾಕಿಕೊಂಡು, ಊರುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಡಿ, ಆ ಮನಿಗೆ ಹೋಗಿ ಬರೂನು."

"ಅಬ್ಬಾ, ಅವರು ತೀರಿಕೊಂಡು ಎಷ್ಟು ವರ್ಷ ಆತು."

"ನಾ ಬೈದದ್ದು ಆ ಬಾಗಲದಾಗ. ಆ ಬಾಗಲಾರ ಐತಿಲ್ಲೋ?"

ಸ್ಕಿಪೋಲ್ ವಿಮಾನ ನಿಲ್ದಾಣದವರೆಗೆ ಬಸ್ಸು, ಅಲ್ಲಿಂದ ರೈಲು, ಆಮೇಲೆ ಟ್ರಾಮು. ಕೆಳಮನೆಯ ಬಾಗಿಲಿಗೆ ಹಳದಿ ಬಣ್ಣ ಹಚ್ಚಿದ್ದರು. ಅಬ್ಬಾ ಬೆಲ್ ಒತ್ತಿದರು. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡ ಇಪ್ಪತ್ತೈದರ ಒಬ್ಬ ಹುಡುಗಿ ಬಾಗಿಲು ತೆರೆದಳು. ಅಬ್ಬಾ ಟೊಪ್ಪಿಗೆ ತೆಗೆದು ನೆಟ್ಟಗೆ ನಿಂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಡಚ್ ವಾಕ್ಯಗಳನ್ನು ಒಂದೊಂದಾಗಿ ಹೇಳಿದರು: ಈ ಬಾಗಿಲಲ್ಲಿ ನಾನು ಒಬ್ಬ ಒಳ್ಳೆಯ ಮನುಷ್ಯನನ್ನು ದ್ರೋಹಿ ಎಂದು ಕರೆದೆ. ಅದು ಸುಳ್ಳು. ಅವರು ನಮ್ಮನ್ನು ಉಳಿಸಲು ನೋಡಿದ್ದರು. ಅವರ ಕ್ಷಮೆ ಕೇಳಲು ಬಂದಿದ್ದೇನೆ. ಹುಡುಗಿ ನನ್ನ ಮುಖ ನೋಡಿದಳು. ನಾನು ಏನನ್ನೂ ಅನುವಾದಿಸಬೇಕಾಗಿರಲಿಲ್ಲ. ಅವಳು ಮುಂದೆ ಬಂದು ಅಬ್ಬಾನ ಕೈಯನ್ನು ಒಂದು ಕ್ಷಣ ಹಿಡಿದುಕೊಂಡಳು.

"ಪರವಾಗಿಲ್ಲ ಬಿಡಿ, ಮೆನೇರ್," ಎಂದು ಬಾಗಿಲು ಹಾಕಿಕೊಂಡಳು.

ಅಬ್ಬಾ ಟ್ರಾಮಿನ ನಿಲ್ದಾಣಕ್ಕೆ ಬಂದರು. ಬೆಂಚಿನ ಮೇಲೆ ಕೂತು ಟೊಪ್ಪಿಗೆ ಸರಿಮಾಡಿಕೊಂಡರು.

"ಭಾಳ ಲಗೂನ ಪರವಾಗಿಲ್ಲ ಅಂದ್ಲಲ್ಲ ಆಕಿ. ಪೂರಾ ಕೇಳಿಸಿಕೊಂಡ್ಳೋ ಇಲ್ಲೋ?"

"ಕೇಳಿಸಿಕೊಂಡ್ಳು, ಅಬ್ಬಾ."

"ಹಂಗಾರ ಅಷ್ಟು ಲಗೂ ಬಾಗಲಾ ಯಾಕ ಹಾಕ್ಕೊಂಡ್ಳು?"

"ತಲಿ ಒದ್ದಿ ಇತ್ತಲ್ಲ ಅಬ್ಬಾ. ಹೊರಗ ಥಂಡಿ."

ಅವರು ಒಪ್ಪಿದಂತೆ ಕಾಣಲಿಲ್ಲ. ಟ್ರಾಮು ಬರುವವರೆಗೂ ಕತ್ತು ಹೊರಳಿಸಿ ಆ ಹಳದಿ ಬಾಗಿಲನ್ನೇ ನೋಡುತ್ತಿದ್ದರು.